ಯೀಸ್ಟ್ ಕಣದ ಕಡತ

ರಾಯಕೋಟೆಯ ಚರಿತ್ರೆ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಬೆಟ್ಟದ ಮೇಲಿನ ದುರ್ಗ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರಲ್ಲಿ, ಮೇಜರ್ ಗೌಡಿಯ ಪಡೆ ಅದನ್ನು ವಶಪಡಿಸಿಕೊಂಡದ್ದು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲು ಸೀಮೆ ಟಿಪ್ಪು ಸುಲ್ತಾನನ ಕೈಬಿಟ್ಟು ಕಂಪನಿಗೆ ಸೇರಿದ್ದು, 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಈ ಹಾದಿಯಾಗಿಯೇ ಮೈಸೂರಿನ ಗಡಿಯನ್ನು ದಾಟಿದ್ದು, ಇವೆಲ್ಲ ಇಂತಹ ಸಂಚಿಕೆಗಳಲ್ಲಿ ಮರಳಿ ಮರಳಿ ಬರುವ ಸಂಗತಿಗಳು, ಬರಬೇಕಾದವೂ ಹೌದು.

ನಾವು ಈ ಬಾರಿ ಬರೆಯಹೊರಟಿರುವುದು ದುರ್ಗದ ಚರಿತ್ರೆಯನ್ನಲ್ಲ. ದುರ್ಗ ಏಳುವುದಕ್ಕೂ ಬಹಳ ಮೊದಲೇ ಈ ಬೆಟ್ಟಗಳ ಹಣ್ಣಿನ ಸಿಪ್ಪೆಯ ಮೇಲೆ, ಈಚಲ ರಸದೊಳಗೆ ಬಾಳುತ್ತಿದ್ದ, ಬರಿಗಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವಿಯ ಕುರಿತು ಮನುಷ್ಯರು ತಿಳಿದುಕೊಂಡದ್ದರ ಚರಿತ್ರೆಯನ್ನು. ತನಗೆ ದೊರೆತ ಆಹಾರ ಯಾವುದೆಂದು ಅರಿತು, ತನ್ನೊಳಗಿನ ಸಾವಿರಾರು ವಂಶವಾಹಿಗಳಲ್ಲಿ ಯಾವುದನ್ನು ಈಗ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನು ಈ ಒಂಟಿ ಕಣ ಹೇಗೆ ಗೊತ್ತುಮಾಡುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ದೊರೆಯಲು ಹೆಚ್ಚುಕಡಿಮೆ ನೂರು ವರ್ಷಗಳು ಹಿಡಿದವು. ಆ ಅರಿವಿನ ಫಲ ಇಂದು ಇನ್ಸುಲಿನ್ ಸೀಸೆಯ ರೂಪದಲ್ಲಿ ನಮ್ಮ ಹಲವು ಸದಸ್ಯರ ಮನೆಗಳಲ್ಲಿದೆ. ಅದನ್ನು ತಯಾರಿಸುವ ಸಂಸ್ಥೆಯೊಂದು ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇದೆ.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಇಂತಹ ಲೇಖನಕ್ಕೆ ಸ್ಥಳವುಂಟೇ ಎಂದು ಕೇಳುವವರಿದ್ದಾರು. ನಮ್ಮ ನೆರೆಯ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು ರಸಾಯನಶಾಸ್ತ್ರವನ್ನು ಜಗಲಿಯ ಮೇಲೆ ಕುಳಿತು ಹೇಳುವಂತೆ ತಮಿಳಿನಲ್ಲಿ ಬರೆದು ಆ ಪುಸ್ತಕಕ್ಕೆ ‘ತಿಣ್ಣೈ ರಸಾಯನಂ’ ಎಂದೇ ಹೆಸರಿಟ್ಟರು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಜಗಲಿ ನಮ್ಮ ಮನೆಗಳಿಗೂ ಉಂಟು.

ಮೊದಲು ಕಡತದ ಮಾತು. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನೂ ಅವನ ಸಹಾಯಕ ಥಾಮಸ್ ಮನ್ರೋನೂ ಹೊಲ ಅಳೆಸಿ ಕಂದಾಯ ಗೊತ್ತುಮಾಡಿದ ಕಾಲದಲ್ಲಿ ಹಳ್ಳಿಯ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಕನ್ನಡ ನಾಡಿನ ಶಾನುಭೋಗರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಮಸಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದಿಡುತ್ತಿದ್ದರು. ಅದೇ ಕಡತ. ಮೂಲ ಕಡತ ಮನೆಯ ಪೆಟ್ಟಿಗೆಯನ್ನು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಭಾಗದ ನಕಲನ್ನು ತೆಗೆದುಕೊಡುವುದು, ಕೆಲಸ ಮುಗಿದ ಮೇಲೆ ಆ ನಕಲು ಹಾಳಾದರೂ ಚಿಂತೆಯಿಲ್ಲ. ಜೀವಕಣದ ವ್ಯವಸ್ಥೆ ಬಹುಮಟ್ಟಿಗೆ ಇದೇ. ಕಣದ ನಡುವಿನ ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ಮೂಲ ಕಡತವಿದೆ. ಅದರ ಒಂದೊಂದು ಮಡಿಕೆಯಲ್ಲಿ ಒಂದೊಂದು ಪ್ರೋಟೀನನ್ನು ಕಟ್ಟುವ ವಿವರ; ಅದೇ ವಂಶವಾಹಿ. ಬೇಕಾದಾಗ ಆ ವಿವರದ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುವ ಕ್ರಿಯೆಗೆ ಪ್ರತಿಲೇಖನ ಎಂದು ಹೆಸರು. ಯೀಸ್ಟಿನ ಕಡತದಲ್ಲಿ ಸುಮಾರು 6,000 ವಂಶವಾಹಿಗಳಿವೆ. ಎಲ್ಲವನ್ನೂ ಎಲ್ಲ ಹೊತ್ತಿನಲ್ಲಿಯೂ ನಕಲು ಮಾಡುತ್ತ ಕುಳಿತರೆ ಕಣಕ್ಕೆ ಉಣ್ಣಲೂ ಪುರಸೊತ್ತಿರದು. ಆದ್ದರಿಂದ ಯಾವ ನಕಲು, ಯಾವಾಗ, ಯಾರ ಅಪ್ಪಣೆಯಿಂದ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಈ ಜೀವಿಯೊಡನೆ ನಮ್ಮ ಸೀಮೆಯ ಸಂಬಂಧ ಹಳೆಯದು, ಸ್ವಲ್ಪ ಮುಜುಗರದ್ದೂ ಹೌದು. ಈಚಲ ಮರದ ರಸ ಬೆಳಗಿನಿಂದ ಸಂಜೆಯೊಳಗೆ ಹೆಂಡವಾಗುವುದು ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟಿನಿಂದ. ಮದ್ರಾಸ್ ಪ್ರಾಂತದಲ್ಲಿ ರಾಜಾಜಿಯವರ ಸರ್ಕಾರ ಪಾನನಿಷೇಧವನ್ನು ಮೊತ್ತಮೊದಲು ಜಾರಿಗೆ ತಂದದ್ದು 1937ರ ಅಕ್ಟೋಬರ್ 1ರಂದು, ಸೇಲಂ ಜಿಲ್ಲೆಯಲ್ಲಿ. ಹೊಸೂರು, ಕೃಷ್ಣಗಿರಿ, ರಾಯಕೋಟೆಗಳೆಲ್ಲ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಕಾನೂನಿನ ಮೂಲಕ ಯೀಸ್ಟನ್ನು ಕೆಲಸದಿಂದ ತೆಗೆದ ಮೊದಲ ಸೀಮೆಗಳಲ್ಲಿ ನಮ್ಮದೂ ಒಂದು ಎಂದು ವಿನೋದಕ್ಕೆ ಹೇಳಬಹುದು. ಯೀಸ್ಟು ಮಾತ್ರ ಈ ಆಜ್ಞೆಗೆ ಕಿವಿಗೊಟ್ಟಂತೆ ಕಾಣುವುದಿಲ್ಲ.

ಭಾಷೆಯಲ್ಲಿಯೂ ಅದರ ಗುರುತು ಉಳಿದಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ‘ಎನ್‌ಜೈಮ್’ ಎಂದು ಓದುವುದಕ್ಕೆ ಕನ್ನಡ ಪಠ್ಯಗಳು ‘ಕಿಣ್ವ’ ಎನ್ನುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷನ ಪ್ರಕರಣದಲ್ಲಿ ಕಿಣ್ವವೆಂದರೆ ಮದ್ಯಕ್ಕೆ ಹಾಕುವ ಹುದುಗು. ಅತ್ತ 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕೂನೆ ‘ಎನ್‌ಜೈಮ್’ ಎಂಬ ಪದವನ್ನು ರೂಪಿಸಿದಾಗ ಅವನು ಆರಿಸಿಕೊಂಡ ಗ್ರೀಕ್ ಮೂಲದ ಅರ್ಥವೂ ‘ಹುದುಗಿನೊಳಗಿರುವುದು’ ಎಂದೇ. ಎರಡು ಭಾಷೆಗಳು ದೂರದೂರದಲ್ಲಿ ಒಂದೇ ಮಡಕೆಯೊಳಗೆ ಕೈಹಾಕಿದ್ದವು. ಪದ ತಂದವರಿಗೆ ನಮ್ಮ ವಂದನೆ ಸಲ್ಲಬೇಕು. ಅನುವಾದದ ಪದಗಳಲ್ಲಿ ಇಷ್ಟು ಹದವಾಗಿ ಕುಳಿತವು ಕಡಿಮೆ.

ಹುದುಗುವಿಕೆ ಜೀವಂತ ಕಣಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1850ರ ದಶಕದ ಕೊನೆಯಲ್ಲಿ ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ನಮಗೆ ಬೇಕಾದ ಕಥೆ ಶುರುವಾಗುವುದು 1900ರಲ್ಲಿ, ಪ್ಯಾರಿಸ್ಸಿನಲ್ಲಿ, ಅಷ್ಟೇನೂ ಪ್ರಸಿದ್ಧನಲ್ಲದ ಫ್ರೆಡೆರಿಕ್ ಡಿಯೆನೆರ್ ಎಂಬ ಸಂಶೋಧಕನಿಂದ. ಹಾಲಿನ ಸಕ್ಕರೆ ಒಡೆದಾಗ ಎರಡು ಸಕ್ಕರೆಗಳು ಬರುತ್ತವೆ: ಒಂದು ಗ್ಲೂಕೋಸ್, ಇನ್ನೊಂದು ಗ್ಯಾಲಕ್ಟೋಸ್. ಗ್ಲೂಕೋಸಿನಲ್ಲಿ ಬೆಳೆದ ಯೀಸ್ಟನ್ನು ತೆಗೆದು ಗ್ಯಾಲಕ್ಟೋಸಿನಲ್ಲಿ ಹಾಕಿದರೆ ಅದು ಕೂಡಲೇ ಹುದುಗಿಸುವುದಿಲ್ಲ. ಕೆಲವು ಗಂಟೆ ಸುಮ್ಮನಿದ್ದು ಆಮೇಲೆ ಕೆಲಸಕ್ಕೆ ತೊಡಗುತ್ತದೆ. ಹಾಗೆ ಪಳಗಿದ ಯೀಸ್ಟನ್ನು ಮತ್ತೆ ಗ್ಲೂಕೋಸಿಗೆ ಒಯ್ದರೆ ಕಲಿತದ್ದನ್ನು ಮರೆಯುತ್ತದೆ. ಡಿಯೆನೆರ್ ಇದನ್ನು ‘ರೂಢಿಯಾಗುವುದು’ ಎಂಬರ್ಥದ ಫ್ರೆಂಚ್ ಪದದಿಂದ ಕರೆದ. ಹೊಸ ಊರಿಗೆ ಬಂದ ಸೊಸೆ ಅಲ್ಲಿನ ಅಡುಗೆಗೆ ಹೊಂದಿಕೊಳ್ಳುವ ಹಾಗೆ ಎಂದು ನಮ್ಮವರು ಹೇಳಿಯಾರು. ಆದರೆ ಸೊಸೆಗೆ ನಾಲಗೆಯಿದೆ, ನೆನಪಿದೆ. ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟಿರುವ ಕಣಕ್ಕೆ ರೂಢಿ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಗಟ್ಟಿಯಾದ ಸಂದೇಹವಿತ್ತು. ನಿಜವಾಗಿ ಯಾವ ಕಣವೂ ರೂಢಿಮಾಡಿಕೊಳ್ಳುತ್ತಿಲ್ಲ. ಕೋಟ್ಯಂತರ ಕಣಗಳಲ್ಲಿ ಗ್ಯಾಲಕ್ಟೋಸನ್ನು ಹುಟ್ಟಿನಿಂದಲೇ ತಿನ್ನಬಲ್ಲ ಕೆಲವು ಇದ್ದು, ಅವು ಮಾತ್ರ ಹೆಚ್ಚುತ್ತ ಹೋಗುತ್ತಿರಬಹುದಲ್ಲವೇ? ಹಾಗಿದ್ದರೆ ಇದು ಕಲಿಕೆಯಲ್ಲ, ಬರಿಯ ಆಯ್ಕೆ. ಈ ಸಂದೇಹವನ್ನು ಎದುರಿಸಿದವರು ಕೇಂಬ್ರಿಜ್ಜಿನ ಮಾರ್ಜರಿ ಸ್ಟೀಫನ್‌ಸನ್ ಮತ್ತು ಆಕೆಯೊಡನೆ ಕೆಲಸ ಮಾಡುತ್ತಿದ್ದ ಜಾನ್ ಯುಡ್ಕಿನ್. 1936ರಲ್ಲಿ ಅವರು ಕಣಗಳ ಸಂಖ್ಯೆ ಹೆಚ್ಚದೆಯೂ ಗ್ಯಾಲಕ್ಟೋಸನ್ನು ಹುದುಗಿಸುವ ಶಕ್ತಿ ಯೀಸ್ಟಿನಲ್ಲಿ ಮೂಡುತ್ತದೆ ಎಂದು ತೋರಿಸಿದರು. ಹುಟ್ಟು ಸಾವುಗಳ ಲೆಕ್ಕವಿಲ್ಲದೆಯೇ ಬದಲಾವಣೆ ಬಂದಿದೆ ಎಂದರೆ ಇದ್ದ ಕಣಗಳೇ ಬದಲಾಗಿವೆ. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದಾಗ ಇಬ್ಬರಲ್ಲಿ ಒಬ್ಬಾಕೆ ಈ ಸ್ಟೀಫನ್‌ಸನ್. ಯುಡ್ಕಿನ್ ಮುಂದೆ ಪೋಷಣಾಶಾಸ್ತ್ರಕ್ಕೆ ಹೊರಳಿ, ಬಿಳಿ ಸಕ್ಕರೆಯ ಕೆಡುಕಿನ ಬಗ್ಗೆ 1972ರಲ್ಲಿ ಪುಸ್ತಕ ಬರೆದು ದೊಡ್ಡ ವಾದವೆಬ್ಬಿಸಿದವನು. ಯೀಸ್ಟಿಗೆ ಸಕ್ಕರೆ ಉಣಿಸಿದವನೇ ಮನುಷ್ಯರಿಗೆ ಸಕ್ಕರೆ ಬೇಡವೆಂದ.

ಮುಂದಿನ ಮೂವತ್ತು ವರ್ಷಗಳ ಕೆಲಸವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇವೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಓಯ್ವಿಂಡ್ ವಿಂಗೆ ಯೀಸ್ಟಿನ ಸಂತಾನಚಕ್ರವನ್ನು ಬಿಡಿಸಿ, ಬಟಾಣಿ ಗಿಡದಂತೆ ಯೀಸ್ಟನ್ನೂ ಅಡ್ಡಹಾಯಿಸಿ ವಂಶವಾಹಿಗಳನ್ನು ಹುಡುಕಬಹುದೆಂದು ತೋರಿಸಿದ. ವಿಂಗೆ ಮತ್ತು ಕ್ಯಾಥರೀನ್ ರಾಬರ್ಟ್ಸ್ 1948ರಲ್ಲಿ ಒಂದು ವಿಚಿತ್ರ ತಳಿಯನ್ನು ಕಂಡರು: ಇತರ ಯೀಸ್ಟುಗಳು ಗಂಟೆಗಳಲ್ಲಿ ಗ್ಯಾಲಕ್ಟೋಸಿಗೆ ಒಗ್ಗಿದರೆ ಇದಕ್ಕೆ ದಿನಗಳೇ ಬೇಕು. ಕೆಟ್ಟಿದ್ದುದು ಒಂದೇ ವಂಶವಾಹಿ. ಅದಕ್ಕೆ ಈಗ ಗ್ಯಾಲ್-3 ಎಂದು ಹೆಸರು. ಅದನ್ನು ಓದುಗರು ಮರೆಯಬಾರದು. ಅರ್ಜೆಂಟೀನಾದ ಲೂಯಿಸ್ ಲೆಲುವಾರ್ ಯೀಸ್ಟಿನಿಂದಲೇ ಗ್ಯಾಲಕ್ಟೋಸ್ ಮೆಟ್ಟಿಲು ಮೆಟ್ಟಿಲಾಗಿ ಗ್ಲೂಕೋಸಿನ ರೂಪಕ್ಕೆ ತಿರುಗುವ ದಾರಿಯನ್ನು ಕಂಡುಹಿಡಿದು 1970ರಲ್ಲಿ ನೊಬೆಲ್ ಪಾರಿತೋಷಕ ಪಡೆದ.

ಆ ದಾರಿ ಬರಿಯ ಯೀಸ್ಟಿನದಲ್ಲ, ನಮ್ಮದೂ ಹೌದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ಶಿಶುಗಳು ಈ ದಾರಿಯ ಒಂದು ಮೆಟ್ಟಿಲಿನ ಕಿಣ್ವವಿಲ್ಲದೆ ಹುಟ್ಟುತ್ತವೆ. ಹುಟ್ಟಿದ ಮಗು ಚೆನ್ನಾಗಿಯೇ ಇರುತ್ತದೆ. ಎದೆಹಾಲು ಕುಡಿಯತೊಡಗಿದ ಕೆಲವೇ ದಿನಗಳಲ್ಲಿ ವಾಂತಿ, ಕಾಮಾಲೆ, ಯಕೃತ್ತಿನ ಸೋಲು, ಕಣ್ಣಿನಲ್ಲಿ ಪೊರೆ. ತಾಯಿ ಮಗುವಿಗೆ ಕೊಡಬಲ್ಲ ಅತ್ಯುತ್ತಮವಾದುದೇ ಅದಕ್ಕೆ ವಿಷವಾಗುತ್ತದೆ. ಯಾವ ಕಿಣ್ವದ ಕೊರತೆಯಿಂದ ಹೀಗಾಗುತ್ತದೆಂದು ಹರ್ಮನ್ ಕಾಲ್ಕರ್ ಮತ್ತು ಜೊತೆಗಾರರು 1956ರಲ್ಲಿ ಗುರುತಿಸಿದರು. ಯೀಸ್ಟಿನಲ್ಲಿ ಆ ಕಿಣ್ವದ ವಂಶವಾಹಿಗೆ ಗ್ಯಾಲ್-7 ಎಂಬ ಹೆಸರು. ರೋಗಕ್ಕೆ ಗ್ಯಾಲಕ್ಟೊಸೀಮಿಯಾ ಎನ್ನುತ್ತಾರೆ. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಇದನ್ನು ಪತ್ತೆಮಾಡಬಹುದು. ಹಾಲನ್ನು ನಿಲ್ಲಿಸಿ ಬೇರೆ ಆಹಾರ ಕೊಟ್ಟರೆ ಜೀವ ಉಳಿಯುತ್ತದೆ. ಅಪರೂಪದ ರೋಗ ನಿಜ. ಆದರೆ ನಮ್ಮ ದೇಶದಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಇನ್ನೂ ರೂಢಿಯಾಗಿಲ್ಲ. ಮೊದಲ ವಾರದಲ್ಲಿ ಮಗು ಹಾಲು ಕುಡಿದಷ್ಟೂ ಸೊರಗುತ್ತಿದ್ದರೆ ‘ದೃಷ್ಟಿಯಾಗಿದೆ’ ಎಂದು ನಿವಾಳಿಸಿ ಕುಳ್ಳಿರದೆ ಮಕ್ಕಳ ವೈದ್ಯರಲ್ಲಿ ಈ ಹೆಸರನ್ನು ಎತ್ತಿ ಕೇಳುವುದು ಒಳ್ಳೆಯದು. ಚರಿತ್ರೆಯ ಲೇಖನದಲ್ಲಿ ಇಷ್ಟು ಹೇಳಿದ್ದನ್ನು ಹಿರಿಯರು ಮನ್ನಿಸಬೇಕು.

ಮತ್ತೆ ಕಡತಕ್ಕೆ ಬರೋಣ. 1961ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ, ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆಯ ವಂಶವಾಹಿಗಳ ಮೇಲೆ ಒಂದು ಪ್ರೋಟೀನು ಬೀಗದಂತೆ ಕುಳಿತಿರುತ್ತದೆ, ಸಕ್ಕರೆ ಬಂದಾಗ ಬೀಗ ಕಳಚುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಜಗತ್ತೆಲ್ಲ ಅದನ್ನು ಮೆಚ್ಚಿ ಎಲ್ಲ ಜೀವಿಗಳಲ್ಲಿಯೂ ಬೀಗವನ್ನೇ ಹುಡುಕತೊಡಗಿತು. ಅಮೆರಿಕದ ಸಿಯಾಟಲ್‌ನಲ್ಲಿ ಹೋವರ್ಡ್ ಡಗ್ಲಾಸ್ ಮತ್ತು ಡೊನಾಲ್ಡ್ ಹಾಥಾರ್ನ್ ಯೀಸ್ಟಿನಲ್ಲಿ ಹುಡುಕಿದಾಗ, 1960ರ ದಶಕದಲ್ಲಿ, ಕಂಡದ್ದು ಇನ್ನಷ್ಟು ತೊಡಕಿನದು. ಅಲ್ಲಿ ಬೀಗವೂ ಇತ್ತು, ಅದಕ್ಕೆ ಗ್ಯಾಲ್-80 ಎಂದು ಹೆಸರಾಯಿತು. ಆದರೆ ಬೀಗಕ್ಕಿಂತ ಮುಖ್ಯವಾಗಿ ಒಬ್ಬ ಅಪ್ಪಣೆದಾರನಿದ್ದ: ಗ್ಯಾಲ್-4. ಇದು ಕೆಟ್ಟರೆ ಗ್ಯಾಲಕ್ಟೋಸನ್ನು ತಿನ್ನುವ ಯಾವ ವಂಶವಾಹಿಯೂ ತೆರೆಯುವುದಿಲ್ಲ. ಅದಕ್ಕೂ ಮಿಗಿಲಾದ ಬೆರಗೆಂದರೆ, ತಿನ್ನುವ ಕೆಲಸದ ಮೂರು ವಂಶವಾಹಿಗಳು ಎರಡನೆಯ ಕ್ರೋಮೋಸೋಮಿನಲ್ಲಿ ಒಂದರ ಪಕ್ಕ ಒಂದಿದ್ದರೆ, ಅಪ್ಪಣೆದಾರನ ವಂಶವಾಹಿ ಹದಿನಾರನೆಯದರಲ್ಲಿ, ಬೀಗದ್ದು ಹದಿಮೂರನೆಯದರಲ್ಲಿ. ಹೊಲ ಒಂದು ಊರಿನಲ್ಲಿ, ಅಮಲ್ದಾರರ ಕಚೇರಿ ಇನ್ನೊಂದು ಊರಿನಲ್ಲಿ.

ಅಪ್ಪಣೆದಾರ ಕೆಲಸ ಮಾಡುವ ರೀತಿಯನ್ನು ಬಿಡಿಸಿದ್ದು 1980ರ ದಶಕ. ಹಾರ್ವರ್ಡಿನ ಮಾರ್ಕ್ ಟಾಶ್ನೆ ಮತ್ತು ಸಂಗಡಿಗರು ಗ್ಯಾಲ್-4 ಪ್ರೋಟೀನಿನ 881 ಅಮೈನೋ ಆಮ್ಲಗಳ ಸರಪಳಿಯನ್ನು ತುಂಡರಿಸಿ ನೋಡಿದರು. ಒಂದು ತುದಿ ಡಿಎನ್‌ಎಯ ಮೇಲೆ ತನಗೆ ಬೇಕಾದ ಸ್ಥಳವನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿ ನಕಲು ತೆಗೆಯುವ ಯಂತ್ರವನ್ನು ಕೈಬೀಸಿ ಕರೆಯುತ್ತದೆ. ಎರಡನ್ನೂ ಬೇರ್ಪಡಿಸಬಹುದು. 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಟಾಶ್ನೆ, ಕರೆಯುವ ತುದಿಯನ್ನು ಬ್ಯಾಕ್ಟೀರಿಯಾದ ಹಿಡಿಯುವ ಪ್ರೋಟೀನೊಂದಕ್ಕೆ ಅಂಟಿಸಿದರೂ ಅದು ಕೆಲಸ ಮಾಡಿತು. ಗ್ಯಾಲಕ್ಟೋಸ್ ಇಲ್ಲದ ಹೊತ್ತಿನಲ್ಲಿ ಗ್ಯಾಲ್-80 ಬಂದು ಈ ಕರೆಯುವ ತುದಿಯನ್ನೇ ಮುಚ್ಚಿ ಹಿಡಿದಿರುತ್ತದೆ, ಕೂಗುವ ಬಾಯಿಗೆ ಅಂಗೈ ಅಡ್ಡ ಹಿಡಿದಂತೆ. ಅಪ್ಪಣೆದಾರ ಸ್ಥಳದಲ್ಲಿಯೇ ಇದ್ದಾನೆ, ದನಿಯಿಲ್ಲ. ಗ್ಯಾಲಕ್ಟೋಸ್ ಬಂದಾಗ ಅಂಗೈ ಸರಿಯುತ್ತದೆ. ನಕಲಿನ ಪ್ರಮಾಣ ಸಾವಿರ ಪಟ್ಟು ಏರುತ್ತದೆ. ಯೀಸ್ಟಿನ ಈ ಪ್ರೋಟೀನನ್ನು ನೊಣದ ಕಣದಲ್ಲಿಟ್ಟರೂ ಸಸ್ತನಿಯ ಕಣದಲ್ಲಿಟ್ಟರೂ ಕೂಗಬಲ್ಲದೆಂದು ತಿಳಿದ ಮೇಲೆ ಅದು ಜಗತ್ತಿನ ಪ್ರಯೋಗಶಾಲೆಗಳ ದಿನಬಳಕೆಯ ಉಪಕರಣವಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಹಣ್ಣಿನ ನೊಣಗಳ ಮೇಲೆ ನಡೆಯುವ ಸಂಶೋಧನೆಯಲ್ಲಿಯೂ ಅದು ನಿತ್ಯದ ಸಾಧನ.

ಆದರೆ ಗ್ಯಾಲಕ್ಟೋಸ್ ಬಂದ ಸುದ್ದಿಯನ್ನು ಅಂಗೈಗೆ ಮುಟ್ಟಿಸಿದವರು ಯಾರು? ಈ ಪ್ರಶ್ನೆಯ ಉತ್ತರದಲ್ಲಿ ನಮ್ಮ ಕಿವಿಗೆ ಹತ್ತಿರವಾದ ಹೆಸರೊಂದು ಬರುತ್ತದೆ: ಪೈಕೆ ಜಯದೇವ ಭಟ್. ವಿಂಗೆ ಕಂಡ ಆ ಮಂದ ತಳಿಯ ಗ್ಯಾಲ್-3 ಏನು ಮಾಡುತ್ತದೆಂಬುದು ಬಹುಕಾಲ ಗೊತ್ತಿರಲಿಲ್ಲ. ಅದು ಕಿಣ್ವವೊಂದರಂತೆ ಗ್ಯಾಲಕ್ಟೋಸನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ, ಆ ವಸ್ತುವೇ ಸುದ್ದಿಯೊಯ್ಯುವ ದೂತ ಎಂಬುದು ಅಂದಿನ ನಂಬಿಕೆ. ಸೊಗಸಾದ ಊಹೆ; ಆ ವಸ್ತು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ (ಚಾಕೊಲೇಟಿನಿಂದ ಹೆಸರಾದ ಊರಿನಲ್ಲಿ ಸಕ್ಕರೆಯ ಸಂಶೋಧನೆ ನಡೆದದ್ದು ಉಚಿತವೇ) ಜೇಮ್ಸ್ ಹಾಪರ್ ಅವರ ಪ್ರಯೋಗಶಾಲೆಯಲ್ಲಿ ಭಟ್ಟರು ಮಾಡಿದ ಪ್ರಯೋಗ ಹೇಳಲು ಸರಳ. ಕಣದೊಳಗೆ ಗ್ಯಾಲ್-3 ಪ್ರೋಟೀನು ವಿಪರೀತವಾಗಿ ತಯಾರಾಗುವಂತೆ ಮಾಡಿ, ಗ್ಯಾಲಕ್ಟೋಸನ್ನು ಕೊಡದೆಯೇ ಬಿಟ್ಟರು. ಹಳೆಯ ಊಹೆ ನಿಜವಾಗಿದ್ದರೆ ಏನೂ ನಡೆಯಬಾರದು: ಮಾರ್ಪಡಿಸಲು ಗ್ಯಾಲಕ್ಟೋಸೇ ಇಲ್ಲದಿರುವಾಗ ದೂತ ಎಲ್ಲಿಂದ ಹುಟ್ಟಬೇಕು? ಆದರೆ ವಂಶವಾಹಿಗಳು ತೆರೆದುಕೊಂಡವು. 1992ರಲ್ಲಿ ಭಟ್ ಮತ್ತು ಹಾಪರ್ ಈ ಫಲಿತಾಂಶವನ್ನು ಪ್ರಕಟಿಸಿ ಹೊಸ ಮಾದರಿಯನ್ನು ಮುಂದಿಟ್ಟರು. ಗ್ಯಾಲ್-3 ಅಡುಗೆಯವನಲ್ಲ, ಅದೇ ದೂತ. ಸಾಮಾನ್ಯವಾಗಿ ಗ್ಯಾಲಕ್ಟೋಸ್ ತನ್ನನ್ನು ಮುಟ್ಟಿದಾಗ ಅದು ಎಚ್ಚರಗೊಂಡು ಗ್ಯಾಲ್-80ನ್ನು ಹಿಡಿದು ಸರಿಸುತ್ತದೆ. ದೂತರ ಸಂಖ್ಯೆಯೇ ಮಿತಿಮೀರಿದರೆ ಎಚ್ಚರಿಸುವವರಿಲ್ಲದೆಯೂ ಕೆಲಸ ನಡೆದುಹೋಗುತ್ತದೆ.

ಆ ಪ್ರಯೋಗದಲ್ಲಿಯೇ ಇನ್ನೊಂದು ಸಂಗತಿ ಹೊರಬಿತ್ತು. ಗ್ಯಾಲಕ್ಟೋಸಿನ ದಾರಿಯ ಮೊದಲ ಮೆಟ್ಟಿಲಿನ ಕಿಣ್ವವಾದ ಗ್ಯಾಲ್-1 ಕೂಡ, ಹೆಚ್ಚಾಗಿದ್ದಾಗ, ದೂತನ ಕೆಲಸ ಮಾಡಬಲ್ಲದು. ಗ್ಯಾಲ್-1 ಮತ್ತು ಗ್ಯಾಲ್-3 ಒಂದೇ ಮೂಲದಿಂದ ಕವಲೊಡೆದ ಸೋದರರು. ಒಬ್ಬ ಉಣ್ಣುವುದನ್ನೂ ಸುದ್ದಿ ಹೇಳುವುದನ್ನೂ ಬಲ್ಲ, ಇನ್ನೊಬ್ಬ ಸುದ್ದಿಗೇ ಮೀಸಲಾದ. ಭಟ್ಟರು ಮುಂಬಯಿಯ ಐಐಟಿಯಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಗ್ಯಾಲಕ್ಟೋಸ್ ವ್ಯವಸ್ಥೆಯ ಬಗ್ಗೆ ಅವರು ಬರೆದ ಗ್ರಂಥ 2008ರಲ್ಲಿ ಪ್ರಕಟವಾಗಿದೆ. ಅದು ಇಂಗ್ಲಿಷಿನಲ್ಲಿದೆ. ಅದರ ಒಂದು ಸಾರಸಂಗ್ರಹ ಕನ್ನಡದಲ್ಲಿ ಬಂದಿದ್ದರೆ ಈ ಲೇಖನ ಬರೆಯುವ ಶ್ರಮ ನಮಗೆ ಕಡಿಮೆಯಾಗುತ್ತಿತ್ತು ಎಂದು ಸಲಿಗೆಯಿಂದ ಹೇಳುತ್ತೇವೆ.

ಗ್ಯಾಲಕ್ಟೋಸೊಂದೇ ಯೀಸ್ಟಿನ ಆಹಾರವಲ್ಲ, ಅದರ ಪರಮಪ್ರಿಯ ಆಹಾರ ಗ್ಲೂಕೋಸ್. ಗ್ಲೂಕೋಸ್ ಇರುವತನಕ ಉಳಿದ ಸಕ್ಕರೆಗಳ ವಂಶವಾಹಿಗಳನ್ನು ಮಿಗ್-1 ಎಂಬ ಪ್ರೋಟೀನು ಮುಚ್ಚಿಟ್ಟಿರುತ್ತದೆ. ಗ್ಲೂಕೋಸ್ ತೀರಿದಾಗ ಸ್ನಫ್-1 ಎಂಬ ಇನ್ನೊಂದು ಎಚ್ಚೆತ್ತು ಮಿಗ್-1ನ್ನು ಕೋಶಕೇಂದ್ರದಿಂದ ಹೊರಗಟ್ಟುತ್ತದೆ. ಸ್ನಫ್-1ನ್ನು ಪತ್ತೆಮಾಡಿದವರು ಅಮೆರಿಕದ ಮೇರಿಯನ್ ಕಾರ್ಲ್ಸನ್, 1980ರ ದಶಕದ ಆರಂಭದಲ್ಲಿ. ನಮ್ಮ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಹಸಿವಿನ ಲೆಕ್ಕವಿಡುವ ಎಎಂಪಿಕೆ ಎಂಬ ಪ್ರೋಟೀನು ಇದರ ನೇರ ಬಂಧು ಎಂದು 1994ರಲ್ಲಿ ತಿಳಿಯಿತು. ನಮ್ಮ ಮನೆಗಳ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೆಲಸ ಮಾಡುವ ದಾರಿಗಳಲ್ಲಿ ಒಂದು ಈ ಪ್ರೋಟೀನನ್ನು ಎಚ್ಚರಿಸುವುದು. 1996ರಲ್ಲಿ ಯೀಸ್ಟಿನ ಇಡೀ ಕಡತವನ್ನು, ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಅಕ್ಷರಗಳನ್ನು, ಓದಿ ಮುಗಿಸಿದ ಮೇಲೆ ಒಂದೊಂದೇ ವಂಶವಾಹಿಯನ್ನು ನೋಡುವ ಕಾಲ ಹೋಯಿತು. ಮರುವರ್ಷ ಸ್ಟ್ಯಾನ್‌ಫರ್ಡಿನ ಜೋಸೆಫ್ ಡಿರಿಸಿ, ವಿಶ್ವನಾಥ್ ಅಯ್ಯರ್ ಮತ್ತು ಪ್ಯಾಟ್ರಿಕ್ ಬ್ರೌನ್ ಗ್ಲೂಕೋಸ್ ತೀರುವ ಹೊತ್ತಿನಲ್ಲಿ ಇಡೀ ಕಡತದಲ್ಲಿ ಏನಾಗುತ್ತದೆಂದು ಒಂದೇ ನೋಟದಲ್ಲಿ ಅಳೆದರು. ಸುಮಾರು 710 ವಂಶವಾಹಿಗಳ ನಕಲು ಎರಡು ಪಟ್ಟಿಗೂ ಮಿಕ್ಕಿ ಏರಿತು, ಸುಮಾರು 1,030ರ ನಕಲು ಅರ್ಧಕ್ಕೂ ಕೆಳಗಿಳಿಯಿತು. ಊಟದ ಎಲೆ ಬದಲಾದೊಡನೆ ಕಡತದ ಕಾಲು ಭಾಗಕ್ಕಿಂತ ಹೆಚ್ಚಿನ ಪುಟಗಳಲ್ಲಿ ಚಲನೆ.

ಸಕ್ಕರೆಯ ಹಾಗೆ ಪ್ರೋಟೀನಿನ ಕೊರತೆಯನ್ನೂ ಯೀಸ್ಟು ಅರಿಯುತ್ತದೆ. ಅದಕ್ಕೆ ಜಿಸಿಎನ್-4 ಎಂಬ ಬೇರೊಬ್ಬ ಅಪ್ಪಣೆದಾರನಿದ್ದಾನೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸುನಿಲ್ ಲಕ್ಷ್ಮಣ್ ಅವರ ತಂಡ ಇತ್ತೀಚಿನ ವರ್ಷಗಳಲ್ಲಿ ತೋರಿಸಿದ್ದು ಇದಕ್ಕೆ ಸೇರಿದ ಒಂದು ಸೂಕ್ಷ್ಮ. ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿ ದೊರೆತಾಗ ಯೀಸ್ಟು ಅದನ್ನು ‘ಕಾಲ ಚೆನ್ನಾಗಿದೆ, ಬೆಳೆಯಬಹುದು’ ಎಂಬ ಸುದ್ದಿಯಾಗಿ ತೆಗೆದುಕೊಳ್ಳುತ್ತದೆ, ಆಗ ಬೆಳವಣಿಗೆಯ ಸಾಮಗ್ರಿಯನ್ನು ಕೂಡಿಸುವ ಕೆಲಸಕ್ಕೂ ಜಿಸಿಎನ್-4 ಬೇಕಾಗುತ್ತದೆ. ಬರಗಾಲದ ಅಧಿಕಾರಿ ಎಂದುಕೊಂಡಿದ್ದವನು ಸುಗ್ಗಿಯಲ್ಲಿಯೂ ಕಾಣಿಸಿಕೊಂಡ. ಅವರೆ, ತೊಗರಿ, ಹುರುಳಿಗಳಲ್ಲಿ ಮೆಥಿಯೊನಿನ್ ಕಡಿಮೆ. ರಾಗಿಯಲ್ಲಿ ಅದು ಒಳ್ಳೆಯ ಪ್ರಮಾಣದಲ್ಲಿದೆ. ಅವರೆಕಾಳಿನ ಸಾರಿನ ಜೊತೆಗೆ ಮುದ್ದೆಯನ್ನಿಟ್ಟ ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ.

ಇನ್ನು ಹೊಸೂರು ರಸ್ತೆ. ರಾಯಕೋಟೆಯ ಟೊಮೆಟೊ ಹೊತ್ತ ಲಾರಿಗಳು ಹೊಸೂರು, ಅತ್ತಿಬೆಲೆ, ಚಂದಾಪುರಗಳನ್ನು ದಾಟಿ ಬೆಂಗಳೂರಿಗೆ ಹೋಗುವಾಗ ಬೊಮ್ಮಸಂದ್ರದಲ್ಲಿ ಬಯೋಕಾನ್ ಸಂಸ್ಥೆಯ ಆವರಣ ಸಿಗುತ್ತದೆ. ಅದನ್ನು 1978ರಲ್ಲಿ ಹತ್ತು ಸಾವಿರ ರೂಪಾಯಿಯ ಬಂಡವಾಳದಿಂದ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಆರಂಭಿಸಿದ ಕಿರಣ್ ಮಜುಂದಾರ್ ಶಾ ಅವರು ಆಸ್ಟ್ರೇಲಿಯಾದ ಬ್ಯಾಲರಾಟಿನಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದವರು. ಅವರ ತಂದೆ ಬೆಂಗಳೂರಿನ ಬಿಯರ್ ಉದ್ಯಮದಲ್ಲಿ ಮುಖ್ಯ ತಯಾರಕರಾಗಿದ್ದವರು. ಹೆಣ್ಣುಮಗಳೆಂಬ ಕಾರಣಕ್ಕೆ ಆ ಕಸುಬಿನಲ್ಲಿ ತಮಗೆ ಕೆಲಸ ದೊರೆಯಲಿಲ್ಲವೆಂದು ಅವರೇ ಹಲವೆಡೆ ಹೇಳಿದ್ದಾರೆ. ಯೀಸ್ಟನ್ನು ಬಲ್ಲವರು ಯೀಸ್ಟಿನಿಂದ ಬೇರೊಂದನ್ನು ಮಾಡಿಸಿದರು. 2004ರಲ್ಲಿ ಬಯೋಕಾನ್ ಮಾರುಕಟ್ಟೆಗೆ ತಂದ ‘ಇನ್ಸುಜೆನ್’ ಎಂಬ ಮಾನವ ಇನ್ಸುಲಿನ್ ತಯಾರಾದದ್ದು ಪಿಚಿಯಾ ಪಾಸ್ಟೊರಿಸ್ ಎಂಬ ಯೀಸ್ಟಿನಲ್ಲಿ.

ಈ ಪಿಚಿಯಾದ ಚರಿತ್ರೆಯೂ ಆಹಾರದ ಚರಿತ್ರೆಯೇ. ಮನುಷ್ಯನಿಗೆ ಕುರುಡುತನವನ್ನೂ ಸಾವನ್ನೂ ತರುವ ಮೆಥನಾಲನ್ನು ಕೆಲವು ಯೀಸ್ಟುಗಳು ಉಂಡು ಬೆಳೆಯಬಲ್ಲವೆಂದು 1969ರಲ್ಲಿ ಜಪಾನಿನ ಕೊಯಿಚಿ ಒಗಾಟ ಕಂಡುಹಿಡಿದರು. 1970ರ ದಶಕದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ ಅಗ್ಗದ ಮೆಥನಾಲಿನಿಂದ ಪಿಚಿಯಾ ಬೆಳೆಸಿ ದನಕರುಗಳಿಗೆ ಮೇವಾಗಿ ಮಾರುವ ಯೋಜನೆ ಹಾಕಿತು. ತೈಲದ ಬಿಕ್ಕಟ್ಟು ಬಂದು ಮೆಥನಾಲಿನ ಬೆಲೆ ಏರಿತು, ಸೋಯಾ ಅಗ್ಗವಾಗಿಯೇ ಉಳಿಯಿತು, ಮೇವಿನ ಯೋಜನೆ ಮುಳುಗಿತು. ಆದರೆ ಒಂದು ಗುಣ ಉಳಿದುಕೊಂಡಿತು. ಪಿಚಿಯಾಕ್ಕೆ ಗ್ಲೂಕೋಸ್ ಕೊಟ್ಟಾಗ ಮೆಥನಾಲನ್ನು ಒಡೆಯುವ ಮೊದಲ ಕಿಣ್ವದ ಸುಳಿವೇ ಇರುವುದಿಲ್ಲ; ಮೆಥನಾಲೊಂದನ್ನೇ ಕೊಟ್ಟಾಗ ಕಣದ ಕರಗುವ ಪ್ರೋಟೀನಿನ ಶೇಕಡಾ 30ರವರೆಗೂ ಅದೊಂದೇ ಕಿಣ್ವವಾಗಬಲ್ಲದು. ಇಷ್ಟು ಗಟ್ಟಿಯಾದ, ಇಷ್ಟು ಚೊಕ್ಕವಾದ ಗುಂಡಿ ಬೇರೆಡೆ ಕಡಿಮೆ. 1985ರಲ್ಲಿ ಆ ವಂಶವಾಹಿಯನ್ನು ಪ್ರತ್ಯೇಕಿಸಿದ ಮೇಲೆ, ಅದರ ಮುಂಭಾಗದ ಅಪ್ಪಣೆಯ ಸ್ಥಳವನ್ನು ಹಾಗೆಯೇ ಇಟ್ಟು, ಹಿಂದೆ ತಮಗೆ ಬೇಕಾದ ಪ್ರೋಟೀನಿನ ವಿವರವನ್ನು ಜೋಡಿಸುವ ವಿದ್ಯೆ ಬಂತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತಂದ ಹೆಪಟೈಟಿಸ್-ಬಿ ಲಸಿಕೆಯೂ ಪಿಚಿಯಾದ್ದೇ.

ಮೆಥನಾಲಿಗೆ ತಕ್ಕ ಅಪ್ಪಣೆದಾರ ಎಂಎಕ್ಸ್‌ಆರ್-1 ಎಂಬ ಪ್ರೋಟೀನು. ಅದು ಪಿಚಿಯಾದ ಡಿಎನ್‌ಎಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಎನ್. ರಂಗರಾಜನ್ ಅವರ ತಂಡ ಅಕ್ಷರ ಅಕ್ಷರವಾಗಿ ಹುಡುಕಿತು. ಕಿಣ್ವದ ವಂಶವಾಹಿಯ ಮುಂಭಾಗದಲ್ಲಿ ಕೆಲವೆಡೆ ಬರುವ ಕೇವಲ ನಾಲ್ಕು ಅಕ್ಷರಗಳ ಒಂದು ತಿರುಳೇ ಅದರ ಗುರುತಿನ ಕಲ್ಲು ಎಂದು 2009ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು. ಹೊಲದ ಎಲ್ಲೆಗೆ ನೆಟ್ಟ ಕಲ್ಲಿನಂತೆ ಅಷ್ಟೇ ಸಣ್ಣದು. ಅದು ಅಳಿಸಿಹೋದರೆ ಅಪ್ಪಣೆದಾರ ದಾರಿ ತಪ್ಪುತ್ತಾನೆ.

ಪಿಚಿಯಾದ ದೊಡ್ಡ ತೊಟ್ಟಿಯಲ್ಲಿ ಕೆಲಸ ಸಾಮಾನ್ಯವಾಗಿ ನಡೆಯುವುದು ಎರಡು ಹಂತಗಳಲ್ಲಿ. ಮೊದಲು ಗ್ಲಿಸರಾಲ್ ಉಣಿಸಿ ಕಣಗಳನ್ನು ಬೇಕಾದಷ್ಟು ಬೆಳೆಸುತ್ತಾರೆ. ಆಗ ಮೆಥನಾಲಿನ ಪುಟಗಳೆಲ್ಲ ಮುಚ್ಚಿರುತ್ತವೆ. ಗ್ಲಿಸರಾಲ್ ತೀರಿ, ಕಣಗಳು ಹಸಿದಿವೆ ಎಂದು ಅಳತೆಯ ಮುಳ್ಳು ತೋರಿಸಿದ ಮೇಲೆ ಮೆಥನಾಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಒಮ್ಮೆಲೇ ಸುರಿದರೆ ಯೀಸ್ಟೂ ಸಾಯುತ್ತದೆ. ಡಿಯೆನೆರ್ ಕಂಡ ಹಾಗೆಯೇ ಕಣಗಳು ಕೆಲವು ಗಂಟೆ ತಡೆದು, ಆಮೇಲೆ ಹೊಸ ಪುಟವನ್ನು ನಕಲು ಮಾಡತೊಡಗುತ್ತವೆ. ಆ ಪುಟದಲ್ಲಿ ಮೊದಲಿದ್ದದ್ದು ಮೆಥನಾಲಿನ ಕಿಣ್ವದ ವಿವರ. ಈಗ ಅಲ್ಲಿ ಬರೆದಿರುವುದು ಇನ್ಸುಲಿನ್ನಿನದು, 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಪಿಚಿಯಾಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ಸೋಸಿ, ಶುದ್ಧಿಮಾಡಿ, ಸೀಸೆಗೆ ತುಂಬಿ, ತಂಪಾಗಿಟ್ಟು ಕಳುಹಿಸುತ್ತಾರೆ. ನಮ್ಮ ಮನೆಗಳಲ್ಲಿ ಅದು ಫ್ರಿಜ್ಜಿನ ಬಾಗಿಲಲ್ಲಿ, ನಾಳೆಯ ದೋಸೆಗೆಂದು ಎತ್ತಿಟ್ಟ ಹಿಟ್ಟಿನ ಪಾತ್ರೆಗೆ ಎದುರಾಗಿ ನಿಂತಿರುತ್ತದೆ.